ಮೊಟ್ಟೆಗೆ ಪೈಸೆ ಲೆಕ್ಕ, ಲಕ್ಷಕ್ಕೆ ಲೆಕ್ಕವೇ ಇಲ್ಲ

ವೈಟ್‌ಫೀಲ್ಡ್ ಸುತ್ತಮುತ್ತ ಸಿಬಿಎಸ್‌ಇ ಮಾನ್ಯತೆ ಪಡೆದ ಯಾವ ಶಾಲೆಯೇ ಆಗಲಿ, ತನ್ನ ಜಾಲತಾಣದಲ್ಲಿ ‘ಕಡ್ಡಾಯ ಸಾರ್ವಜನಿಕ ಪ್ರಕಟಣೆ’ ಎಂಬ ಪುಟವೊಂದನ್ನು ಇಟ್ಟಿರಲೇಬೇಕು. ಮಂಡಳಿಯ ನಿಯಮವೇ ಹಾಗಿದೆ. ಶಾಲೆಯ ಆವರಣ ಎಷ್ಟು ಚದರ ಮೀಟರ್, ತರಗತಿ ಕೋಣೆಗಳು ಎಷ್ಟು, ಪ್ರಯೋಗಾಲಯ ಎಷ್ಟು, ಗಂಡುಮಕ್ಕಳ ಶೌಚಾಲಯ ಎಷ್ಟು, ಹೆಣ್ಣುಮಕ್ಕಳದ್ದು ಎಷ್ಟು, ಇಂಟರ್‌ನೆಟ್ ಇದೆಯೇ ಎಂಬುದೆಲ್ಲ ಆ ಪುಟದಲ್ಲಿರುತ್ತದೆ. ಕಟ್ಟಡ ಸುರಕ್ಷತೆ ಮತ್ತು ಅಗ್ನಿಶಾಮಕ ದಳದ ಪ್ರಮಾಣಪತ್ರ, ಮೂರು ವರ್ಷಗಳ ಫಲಿತಾಂಶ, ಪೋಷಕರ ಸಮಿತಿಯ ಸದಸ್ಯರ ಪಟ್ಟಿ, ಕೊನೆಗೆ ಶಾಲೆಯನ್ನು ಸುತ್ತಿ ತೋರಿಸುವ ಯೂಟ್ಯೂಬ್ ವಿಡಿಯೊದ ಕೊಂಡಿಯೂ ಬೇಕು. ಫೀಸು ಎಷ್ಟೆಂದೂ ಹೇಳಬೇಕು. ಆದರೆ ಆ ಫೀಸು ಎಲ್ಲಿಗೆ ಹೋಯಿತು ಎಂದು ಹೇಳುವ ಒಂದು ಸಾಲೂ ಅಲ್ಲಿ ಬೇಕಾಗಿಲ್ಲ. ಅದೇ ರಸ್ತೆಯಲ್ಲಿ ನಾಲ್ಕು ಹೆಜ್ಜೆ ಮುಂದೆ ಹೂಡಿಯಲ್ಲೋ ಕಾಡುಗೋಡಿಯಲ್ಲೋ ಇರುವ ಸರ್ಕಾರಿ ಶಾಲೆಯ ಹೆಡ್‌ಮಾಸ್ಟರ ಮೇಜಿನ ಮೇಲಿನ ಲೆಕ್ಕವೇ ಬೇರೆ. ಮಕ್ಕಳಿಗೆ ಕೊಡುವ ಮೊಟ್ಟೆಗೆ ಇಲಾಖೆ ಗೊತ್ತುಪಡಿಸಿದ್ದು 6 ರೂಪಾಯಿ. ಕೊಳ್ಳುವ ಬೆಲೆ, ಬೇಯಿಸುವ ಗ್ಯಾಸು, ಸಿಪ್ಪೆ ಸುಲಿಯುವವರ ಕೂಲಿ, ತರುವ ಸಾಗಣೆ ಎಂದು ಆ ಆರು ರೂಪಾಯಿಯನ್ನು ಪೈಸೆಗಳಲ್ಲಿ ಹಂಚಿಟ್ಟಿದ್ದಾರೆ. ಪೇಟೆಯಲ್ಲಿ ಮೊಟ್ಟೆಯ ದರ ಏರಿದರೆ ಮೇಷ್ಟ್ರು ತಮ್ಮ ಜೇಬಿನಿಂದ ಹಾಕಬೇಕು, ಇಲ್ಲವೇ ಉತ್ತರ ಕೊಡಬೇಕು. ಸಿಪ್ಪೆ ಸುಲಿದ ಕೂಲಿಗೆ ಲೆಕ್ಕ ಕೇಳುವ ವ್ಯವಸ್ಥೆಯು ಲಕ್ಷಗಟ್ಟಲೆ ಫೀಸು ಪಡೆಯುವ ಕಡೆ ಶೌಚಾಲಯ ಎಣಿಸಿ ಸುಮ್ಮನಾಗುತ್ತದೆ.

ಈ ವ್ಯತ್ಯಾಸ ಆಕಸ್ಮಿಕವಾಗಿ ಹುಟ್ಟಿದ್ದಲ್ಲ, ಕಾನೂನಿನೊಳಗೇ ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 21ನೇ ಕಲಂ ಪ್ರಕಾರ ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ಆಡಳಿತ ಸಮಿತಿ ಇರಬೇಕು, ಅದರಲ್ಲಿ ಮುಕ್ಕಾಲು ಪಾಲು ಪೋಷಕರಿರಬೇಕು, ಅರ್ಧದಷ್ಟು ಮಹಿಳೆಯರಿರಬೇಕು. ಕರ್ನಾಟಕದಲ್ಲಿ ನಾವು ಎಸ್‌ಡಿಎಂಸಿ ಎನ್ನುವುದು ಇದನ್ನೇ. ಸರ್ಕಾರದಿಂದಾಗಲಿ ಬೇರೆ ಯಾವ ಮೂಲದಿಂದಾಗಲಿ ಬಂದ ಹಣ ಹೇಗೆ ಬಳಕೆಯಾಯಿತೆಂದು ನೋಡಿಕೊಳ್ಳುವುದು ಈ ಸಮಿತಿಯ ಕೆಲಸವೆಂದು ಕಾಯ್ದೆಯೇ ಹೇಳುತ್ತದೆ. ಅನುದಾನರಹಿತ ಶಾಲೆಗಳನ್ನು ಮಾತ್ರ ಈ ಕಲಂನಿಂದ ಹೊರಗಿಡಲಾಗಿದೆ. ಅಂದರೆ ಪೀಣ್ಯದ ಗಾರ್ಮೆಂಟ್ಸ್‌ಗೆ ಹೋಗುವ ತಾಯಿಗೆ ತನ್ನ ಮಗು ಓದುವ ಶಾಲೆಯ ಲೆಕ್ಕ ಕೇಳುವ ಹಕ್ಕು ಕಾಗದದ ಮೇಲಾದರೂ ಇದೆ. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕಂಪನಿಗಳ ಬ್ಯಾಲೆನ್ಸ್ ಶೀಟನ್ನು ದಿನವಿಡೀ ತಿರುವುವ ತಂದೆಗೆ ತಾನು ವರ್ಷಕ್ಕೆ ಎರಡು ಲಕ್ಷ ಕಟ್ಟುವ ಶಾಲೆಯ ಲೆಕ್ಕ ನೋಡುವ ಹಕ್ಕಿಲ್ಲ. ಬಡವರ ಪರವಾಗಿ ಕಾನೂನು ನಿಂತ ಅಪರೂಪದ ಉದಾಹರಣೆ ಇದೆಂದು ಯಾರಾದರೂ ಹೇಳಿದರೆ, ಆ ತಾಯಿಗೆ ಶಿಫ್ಟು ಬಿಟ್ಟು ಸಭೆಗೆ ಬರಲು ರಜೆ ಕೊಡುವವರು ಯಾರು ಎಂದು ಕೇಳಬೇಕಾಗುತ್ತದೆ.

ಖಾಸಗಿ ಶಾಲೆ ತನ್ನ ದುಡ್ಡಿಗೆ ಯಾಕೆ ಲೆಕ್ಕ ಕೊಡಬೇಕು ಎಂಬುದು ನ್ಯಾಯವಾದ ಪ್ರಶ್ನೆಯೇ. ಬಟ್ಟೆ ಅಂಗಡಿಯವನು ಲಾಭವೆಷ್ಟೆಂದು ಗಿರಾಕಿಗೆ ಹೇಳುವುದಿಲ್ಲವಲ್ಲ. ಆದರೆ ನಮ್ಮಲ್ಲಿ ಶಾಲೆಯನ್ನು ಅಂಗಡಿಯಂತೆ ತೆರೆಯಲು ಬರುವುದಿಲ್ಲ. ಟ್ರಸ್ಟ್, ನೋಂದಾಯಿತ ಸಂಘ ಅಥವಾ ಲಾಭದ ಉದ್ದೇಶವಿಲ್ಲದ ಕಂಪನಿಯಾಗಿಯೇ ನಡೆಸಬೇಕು. ಆ ಕಾರಣಕ್ಕೇ ಅದಕ್ಕೆ ಆದಾಯ ತೆರಿಗೆ ವಿನಾಯಿತಿ ಸಿಗುತ್ತದೆ. ಶಿಕ್ಷಣದ ಫೀಸಿಗೆ ಜಿಎಸ್‌ಟಿಯೂ ಬೀಳುವುದಿಲ್ಲ. ಇವೆರಡೂ ಸರ್ಕಾರ ಬಿಟ್ಟುಕೊಟ್ಟ ತೆರಿಗೆ, ಅಂದರೆ ಪರೋಕ್ಷವಾಗಿ ಊರಿನವರ ಹಣ. 2002ರ ಅಕ್ಟೋಬರ್ 31ರಂದು ಸುಪ್ರೀಂ ಕೋರ್ಟಿನ 11 ನ್ಯಾಯಮೂರ್ತಿಗಳ ಪೀಠ ನಮ್ಮದೇ ರಾಜ್ಯದ ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ ಕೊಟ್ಟ ತೀರ್ಪನ್ನು ಖಾಸಗಿ ಶಾಲೆಗಳ ಆಡಳಿತ ಮಂಡಳಿಗಳು ಇಂದಿಗೂ ಗುರಾಣಿಯಂತೆ ಹಿಡಿಯುತ್ತವೆ. ಫೀಸು ನಿರ್ಧರಿಸಿಕೊಳ್ಳುವ ಸ್ವಾತಂತ್ರ್ಯ ಅನುದಾನರಹಿತ ಸಂಸ್ಥೆಗಿದೆ, ಮುಂದಿನ ಬೆಳವಣಿಗೆಗೆ ಬೇಕಾದಷ್ಟು ಮಿಗತೆಯನ್ನೂ ಅದು ಇಟ್ಟುಕೊಳ್ಳಬಹುದು ಎಂದು ಆ ತೀರ್ಪು ಹೇಳಿದ್ದು ನಿಜ. ಲಾಭಕೋರತನ ಕೂಡದು, ಕ್ಯಾಪಿಟೇಶನ್ ಕೂಡದು ಎಂದು ಅದೇ ಉಸಿರಿನಲ್ಲಿ ಹೇಳಿದ್ದೂ ಅಷ್ಟೇ ನಿಜ. ಮಿಗತೆ ಎಲ್ಲಿ ಮುಗಿದು ಲಾಭಕೋರತನ ಎಲ್ಲಿ ಶುರುವಾಯಿತೆಂಬುದು ಫೀಸಿನ ಪಟ್ಟಿಯಿಂದ ತಿಳಿಯುವುದಿಲ್ಲ, ಖರ್ಚಿನ ಪಟ್ಟಿ ನೋಡಿದರಷ್ಟೇ ತಿಳಿಯುತ್ತದೆ. ಸ್ವಾತಂತ್ರ್ಯಕ್ಕೆ ಜೋಡಿಸಿದ ಷರತ್ತನ್ನು ಪರೀಕ್ಷಿಸುವ ದಾಖಲೆಯೇ ಕಣ್ಣಿಗೆ ಬೀಳದಿದ್ದರೆ ಷರತ್ತು ಇದ್ದೂ ಇಲ್ಲದಂತೆ.

ಹಣ ಹೊರಹೋಗುವ ದಾರಿಯನ್ನು ಒಂದು ಕಲ್ಪಿತ ಶಾಲೆಯ ಲೆಕ್ಕದಲ್ಲಿ ನೋಡೋಣ. 1,000 ಮಕ್ಕಳು, ತಲಾ ವರ್ಷಕ್ಕೆ ಒಂದೂವರೆ ಲಕ್ಷ ಫೀಸು, ಒಟ್ಟು 15 ಕೋಟಿ. 70 ಶಿಕ್ಷಕರಿಗೆ ತಿಂಗಳಿಗೆ ಸರಾಸರಿ 45 ಸಾವಿರ ಸಂಬಳವೆಂದರೆ ವರ್ಷಕ್ಕೆ 3 ಕೋಟಿ 78 ಲಕ್ಷ, ಅಂದರೆ ಬಂದ ಹಣದ ಕಾಲು ಭಾಗ. ಆಯಾ, ಚಾಲಕ, ಕಾವಲುಗಾರ, ಕಚೇರಿ ಸಿಬ್ಬಂದಿಗೆ ಒಂದೂವರೆ ಕೋಟಿ. ಕರೆಂಟು, ನೀರಿನ ಟ್ಯಾಂಕರ್, ಪ್ರಯೋಗಾಲಯ, ರಿಪೇರಿಗೆ ಎರಡು ಕೋಟಿ. ಇನ್ನು ಏಳೂಮುಕ್ಕಾಲು ಕೋಟಿಯಷ್ಟು ಉಳಿಯಿತು. ಈಗ ಮುಂದಿನ ಸಾಲುಗಳನ್ನು ನೋಡಿ. ಶಾಲೆ ಕೂತಿರುವ ಜಾಗ ಟ್ರಸ್ಟಿನದಲ್ಲ, ಟ್ರಸ್ಟಿಯ ಮಗ ನಿರ್ದೇಶಕನಾಗಿರುವ ಕಂಪನಿಯದು, ಅದಕ್ಕೆ ಬಾಡಿಗೆ 5 ಕೋಟಿ. ಶಾಲೆಯ ಹೆಸರು ಒಂದು ಬ್ರ್ಯಾಂಡ್, ಅದನ್ನು ಬಳಸಿದ್ದಕ್ಕೆ ಆದಾಯದ ಶೇ 10, ಒಂದೂವರೆ ಕೋಟಿ. ಪಠ್ಯಕ್ರಮ ಸಲಹೆಗೆಂದು ಇನ್ನೊಂದು ಸಂಸ್ಥೆಗೆ ಒಂದು ಕೋಟಿ. ಕೊನೆಯಲ್ಲಿ ಮಿಗತೆ ಎಂದು ಉಳಿಯುವುದು ಸುಮಾರು 22 ಲಕ್ಷ. ಆಡಿಟರು ಸಹಿ ಹಾಕುತ್ತಾರೆ, ಟ್ರಸ್ಟು ಲಾಭರಹಿತವಾಗಿಯೇ ಉಳಿಯುತ್ತದೆ, ಮುಂದಿನ ಏಪ್ರಿಲ್‌ನಲ್ಲಿ ‘ಖರ್ಚು ಸರಿದೂಗುತ್ತಿಲ್ಲ’ ಎಂದು ಫೀಸು ಏರುತ್ತದೆ. ಇದರಲ್ಲಿ ಪ್ರತಿಯೊಂದು ಪಾವತಿಯೂ ಅಕ್ರಮವೇ ಆಗಿರಬೇಕೆಂದಿಲ್ಲ. ವೈಟ್‌ಫೀಲ್ಡಿನ ಜಾಗಕ್ಕೆ ಬಾಡಿಗೆ ಹೆಚ್ಚಿರುವುದು ಎಲ್ಲರಿಗೂ ಗೊತ್ತಿದೆ, ಒಳ್ಳೆಯ ಪಠ್ಯಕ್ರಮಕ್ಕೆ ಹಣ ಕೊಡಬೇಕಾದ್ದೂ ಸಹಜ. ಟ್ರಸ್ಟಿಗಳ ಬಂಧುಗಳಿಗೆ ಕೊಡುವ ಹಣ ಮಿತಿ ಮೀರಬಾರದೆಂದು ಆದಾಯ ತೆರಿಗೆ ಕಾನೂನು ಹೇಳುತ್ತದೆ, ಹೀಗಾಗಿ ಈ ವಿವರ ತೆರಿಗೆ ಅಧಿಕಾರಿಯ ಕಡತದಲ್ಲಿ ಇರಲೂಬಹುದು. ಅದೇ ನನ್ನ ವಾದದ ಮುಖ್ಯ ಎಳೆ. ಲೆಕ್ಕ ತಯಾರಾಗಿದೆ, ಪರಿಶೋಧನೆಯಾಗಿದೆ, ಒಂದು ಇಲಾಖೆಗೆ ಸಲ್ಲಿಕೆಯೂ ಆಗಿದೆ. ಹಣ ಕೊಟ್ಟವರೊಬ್ಬರನ್ನು ಬಿಟ್ಟು ಮಿಕ್ಕೆಲ್ಲರ ಕೈಗೂ ಅದು ಹೋಗಿದೆ.

ಕರ್ನಾಟಕ ಇಲ್ಲಿಯವರೆಗೆ ಹಿಡಿದದ್ದು ಬೇರೆ ದಾರಿ, ಫೀಸಿಗೆ ಲಗಾಮು ಹಾಕುವುದು. ಅದು ಎಲ್ಲಿಗೆ ಬಂದು ನಿಂತಿದೆ ನೋಡಿ. ಕೋವಿಡ್ ಕಾಲದಲ್ಲಿ, 2021ರ ಜನವರಿಯಲ್ಲಿ, ಬೋಧನಾ ಶುಲ್ಕದ ಶೇ 70ನ್ನು ಮಾತ್ರ ಪಡೆಯಬೇಕೆಂದು ಸರ್ಕಾರ ಆದೇಶಿಸಿತು. ಶಾಲೆಗಳು ಕೋರ್ಟಿಗೆ ಹೋದವು. ರಾಜಸ್ಥಾನದ ಶಾಲೆಗಳ ಇಂಥದೇ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದನ್ನು ಅನುಸರಿಸಿ ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ನಮ್ಮ ಹೈಕೋರ್ಟ್ ಕಡಿತವನ್ನು ಶೇ 15ಕ್ಕೆ ಇಳಿಸಿತು. 70 ಸರಿಯೋ 85 ಸರಿಯೋ ಎಂದು ಇಡೀ ರಾಜ್ಯ ತಿಂಗಳುಗಟ್ಟಲೆ ವಾದಿಸಿತು. ಶಾಲೆ ಮುಚ್ಚಿದ್ದಾಗ ಒಂದೊಂದು ಶಾಲೆಗೂ ನಿಜವಾಗಿ ಉಳಿತಾಯವಾದದ್ದೆಷ್ಟು, ಶಿಕ್ಷಕರಿಗೆ ಪೂರ್ಣ ಸಂಬಳ ಕೊಟ್ಟವರು ಯಾರು, ಅರ್ಧಕ್ಕೆ ಇಳಿಸಿದವರು ಯಾರು ಎಂಬ ಅಂಕಿ ಎದುರಿಗಿದ್ದಿದ್ದರೆ ಎಲ್ಲರಿಗೂ ಒಂದೇ ಅಳತೆ ಹಾಕುವ ಅಗತ್ಯವೇ ಬೀಳುತ್ತಿರಲಿಲ್ಲ. ಆಮೇಲೆ 2023ರ ಜನವರಿಯಲ್ಲಿ, ಅನುದಾನರಹಿತ ಖಾಸಗಿ ಶಾಲೆಗಳ ಫೀಸನ್ನು ಸರ್ಕಾರ ನಿಯಂತ್ರಿಸಲು ಆಧಾರವಾಗಿದ್ದ ಕರ್ನಾಟಕ ಶಿಕ್ಷಣ ಕಾಯ್ದೆಯ 48ನೇ ಕಲಂ ಸಂವಿಧಾನಬಾಹಿರವೆಂದು ಹೈಕೋರ್ಟ್ ತೀರ್ಪಿತ್ತಿತು. ಜಿಲ್ಲಾಧಿಕಾರಿ ಅಧ್ಯಕ್ಷತೆಯ ಪ್ರಾಧಿಕಾರಕ್ಕೆ ಫೀಸಿನ ದೂರು ಒಯ್ಯುತ್ತಿದ್ದ ಪೋಷಕರ ಕಾಲ ಕೆಳಗಿನ ನೆಲವೂ ಅದರೊಂದಿಗೆ ಸಡಿಲವಾಯಿತು. ಬೆಲೆ ಕಟ್ಟುವ ಅಧಿಕಾರಕ್ಕೆ ಕೋರ್ಟು ಒಪ್ಪಲಿಲ್ಲ ಎಂದಮೇಲೆ ಲೆಕ್ಕ ತೋರಿಸು ಎನ್ನುವ ಅಧಿಕಾರಕ್ಕೂ ಒಪ್ಪುವುದಿಲ್ಲ ಎಂದು ತಿಳಿಯಬೇಕಿಲ್ಲ. 2004ರ ಮಾಡರ್ನ್ ಸ್ಕೂಲ್ ಪ್ರಕರಣದಲ್ಲಿ, ದೆಹಲಿಯ ಶಾಲಾ ಕಾನೂನನ್ನು ವಿವರಿಸುತ್ತಾ, ಖಾಸಗಿ ಶಾಲೆಗಳು ಲಾಭರಹಿತ ಸಂಸ್ಥೆಗಳಿಗೆ ಹೊಂದುವ ಲೆಕ್ಕಪದ್ಧತಿಯನ್ನೇ ಪಾಲಿಸಬೇಕು, ಬಂಡವಾಳ ವೆಚ್ಚವನ್ನು ಫೀಸಿನೊಳಗೆ ಸೇರಿಸಕೂಡದು ಎಂದು ಸುಪ್ರೀಂ ಕೋರ್ಟೇ ಹೇಳಿದೆ. ಅದರ ಹಿಂದೆ ದೆಹಲಿ ಪೋಷಕರ ಹೋರಾಟವಿತ್ತು, ಶಾಲೆಗಳ ಪುಸ್ತಕ ತೆರೆಸಿ ನೋಡಿದ ನ್ಯಾಯಮೂರ್ತಿ ದುಗ್ಗಲ್ ಸಮಿತಿಯ 1999ರ ವರದಿಯಿತ್ತು. ಫೀಸಿನ ಮೊತ್ತದ ಬಗ್ಗೆ ಕೂಗಾಡಿ ದೆಹಲಿಯವರು ಗೆಲ್ಲಲಿಲ್ಲ, ಲೆಕ್ಕದ ಪುಸ್ತಕದೊಳಗೆ ಕೈ ಹಾಕಿ ಒಂದಷ್ಟು ಗೆದ್ದರು.

ಹಾಗಾದರೆ ಸರ್ಕಾರಿ ಶಾಲೆಗಳಲ್ಲಿ ಎಲ್ಲವೂ ಬಯಲಾಗಿದೆಯೇ? ಮೊಟ್ಟೆಯ ಲೆಕ್ಕ ಮೇಲಿನವರಿಗೆ ಹೋಗುತ್ತದೆ, ಊರಿಗೆ ಹೋಗುವುದಿಲ್ಲ. ಸಮಗ್ರ ಶಿಕ್ಷಣ ಯೋಜನೆಯಲ್ಲಿ 101ರಿಂದ 250 ಮಕ್ಕಳಿರುವ ಶಾಲೆಗೆ ವರ್ಷಕ್ಕೆ 50 ಸಾವಿರ ರೂಪಾಯಿ ಅನುದಾನ, ಸಾವಿರಕ್ಕಿಂತ ಹೆಚ್ಚಿದ್ದರೆ ಒಂದು ಲಕ್ಷ. 250 ಮಕ್ಕಳ ಶಾಲೆಯಲ್ಲಿ ಒಂದು ಮಗುವಿಗೆ ವರ್ಷಕ್ಕೆ ಬರುವುದು 200 ರೂಪಾಯಿ. ಕರೆಂಟು ಬಿಲ್ಲು, ಸೀಮೆಸುಣ್ಣ, ಫಿನಾಯಿಲು, ಒಡೆದ ನಲ್ಲಿ ಎಲ್ಲವೂ ಅದರಲ್ಲೇ, ಶೇ 10ನ್ನು ಸ್ವಚ್ಛತೆಗೇ ಮೀಸಲಿಡಬೇಕು. ಈ ಹಣ ಆರ್ಥಿಕ ವರ್ಷದ ಕೊನೆಯ ಹೊತ್ತಿಗೆ ಬಂದು ತಲುಪುವುದು, ಮಾರ್ಚ್ ಮುಗಿಯುವುದರೊಳಗೆ ಹೇಗೋ ಖರ್ಚು ತೋರಿಸುವುದು ದೇಶದ ಅನೇಕ ಕಡೆ ನಡೆಯುತ್ತದೆಂದು ಅಕೌಂಟಬಿಲಿಟಿ ಇನಿಷಿಯೇಟಿವ್ ಎಂಬ ಸಂಶೋಧನಾ ಸಂಸ್ಥೆ ನಡೆಸಿದ ‘ಪೈಸಾ’ ಸಮೀಕ್ಷೆಗಳು ವರ್ಷವರ್ಷವೂ ತೋರಿಸಿದವು. ಬಂದದ್ದೆಷ್ಟು, ಬಂದ ದಿನಾಂಕ ಯಾವುದು ಎಂಬ ಎರಡೇ ಸಾಲನ್ನು ಶಾಲೆಯ ಗೋಡೆಗೆ ಬರೆದರೂ ತಪ್ಪು ಮೇಷ್ಟ್ರದೋ ಬಿಇಒ ಕಚೇರಿಯದೋ ವಿಧಾನಸೌಧದ್ದೋ ಎಂದು ಪೋಷಕರಿಗೆ ಗೊತ್ತಾಗುತ್ತದೆ. ಈಗ ಬೈಗುಳವೆಲ್ಲ ಮೇಷ್ಟ್ರ ಪಾಲಿಗೇ.

ಗೋಡೆಯ ಮೇಲಿನ ಬರಹಕ್ಕೆ ಅಷ್ಟು ಶಕ್ತಿ ಇದೆಯೇ ಎಂದು ಅನುಮಾನಿಸುವವರಿಗೆ ಉಗಾಂಡದ ಅನುಭವ ನೆನಪಿಸಬಹುದು. 1991ರಿಂದ 95ರ ನಡುವೆ ಅಲ್ಲಿ ಶಾಲೆಗಳಿಗೆಂದು ಕೇಂದ್ರ ಸರ್ಕಾರ ಬಿಡುಗಡೆ ಮಾಡಿದ ತಲಾವಾರು ಅನುದಾನದಲ್ಲಿ ಸರಾಸರಿ ಶೇ 13 ಮಾತ್ರ ಶಾಲೆ ತಲುಪಿತ್ತೆಂದು ರೀನಿಕ್ಕಾ ಮತ್ತು ಸ್ವೆನ್ಸನ್ ಎಂಬ ಅರ್ಥಶಾಸ್ತ್ರಜ್ಞರು ಕಂಡುಕೊಂಡರು. ಯಾವ ಜಿಲ್ಲೆಗೆ ಎಷ್ಟು ಹಣ ಬಿಡುಗಡೆಯಾಯಿತೆಂದು ಪತ್ರಿಕೆಗಳಲ್ಲಿ ಪ್ರಕಟಿಸಲು, ಶಾಲೆಗಳಲ್ಲಿ ಹಚ್ಚಲು ಸರ್ಕಾರ ಆರಂಭಿಸಿತು. 2001ರ ಹೊತ್ತಿಗೆ ತಲುಪುವ ಪಾಲು ಶೇ 80 ದಾಟಿತ್ತು. ಅದೇ ಕಾಲದಲ್ಲಿ ಬೇರೆ ಆಡಳಿತ ಸುಧಾರಣೆಗಳೂ ನಡೆದಿದ್ದವು, ಕೀರ್ತಿಯನ್ನೆಲ್ಲ ಪತ್ರಿಕೆಗೆ ಕೊಡಬಾರದು ಎಂದು ಆಮೇಲಿನ ವಿಮರ್ಶಕರು ತಕರಾರು ಎತ್ತಿದ್ದಾರೆ, ಆ ತಕರಾರು ಸರಿಯೇ. ಪ್ರಕಟಣೆ ಒಂದೇ ಎಲ್ಲವನ್ನೂ ಮಾಡಿತೆಂದು ನಾನೂ ಹೇಳುತ್ತಿಲ್ಲ. ಅದಿಲ್ಲದೆ ಮಿಕ್ಕ ಸುಧಾರಣೆ ಹಿಡಿತಕ್ಕೆ ಸಿಗುತ್ತಿರಲಿಲ್ಲ ಎಂಬಷ್ಟನ್ನು ಒಪ್ಪಿದರೂ ಸಾಕು.

ನಮ್ಮ ಐಟಿ ವಲಯದ ಸರ್ಕಾರಿ ಶಾಲೆಗಳಿಗೆ ಇನ್ನೊಂದು ಹಣದ ಹರಿವು ಇದೆ, ಸಿಎಸ್‌ಆರ್. 2013ರ ಕಂಪನಿ ಕಾಯ್ದೆಯ 135ನೇ ಕಲಂ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ 2ನ್ನು ಸಾಮಾಜಿಕ ಕೆಲಸಕ್ಕೆ ಖರ್ಚು ಮಾಡಬೇಕು, ಯೋಜನೆಗಳನ್ನು ತಮ್ಮ ಜಾಲತಾಣದಲ್ಲಿ ಪ್ರಕಟಿಸಬೇಕು. ದೊಡ್ಡತೋಗೂರು, ಹೆಬ್ಬಗೋಡಿ, ವರ್ತೂರಿನ ಕಡೆ ಕಂಪ್ಯೂಟರ್ ಕೋಣೆಗೆ, ಶೌಚಾಲಯಕ್ಕೆ, ಬಣ್ಣಕ್ಕೆ ಹೀಗೆ ಹಣ ಬರುತ್ತದೆ. ಕಂಪನಿಯ ವಾರ್ಷಿಕ ವರದಿಯಲ್ಲಿ ಇಂಥ ಯೋಜನೆಗೆ ಇಷ್ಟು ಲಕ್ಷ ಎಂದಿರುತ್ತದೆ. ನಡುವೆ ಒಂದು ಸ್ವಯಂಸೇವಾ ಸಂಸ್ಥೆ, ಅದರ ಆಡಳಿತ ವೆಚ್ಚ, ಅದರ ಗುತ್ತಿಗೆದಾರ. ಕೊನೆಗೆ ಶಾಲೆಯಲ್ಲಿ ಕಾಣುವುದು ಕಂಪನಿಯ ಲಾಂಛನವಿರುವ ಫಲಕ ಮಾತ್ರ, ಅದರಲ್ಲಿ ಮೊತ್ತವೊಂದನ್ನು ಬಿಟ್ಟು ಮಿಕ್ಕೆಲ್ಲ ಇರುತ್ತದೆ. ಎಸ್‌ಡಿಎಂಸಿಗೆ ಕಂಪ್ಯೂಟರ್ ಬಂದದ್ದು ಗೊತ್ತು, ಅದರ ಬೆಲೆ ಎಷ್ಟೆಂದು ತೋರಿಸಿದರೆಂಬುದು ಗೊತ್ತಿಲ್ಲ. ಎರಡು ವರ್ಷದ ನಂತರ ಯುಪಿಎಸ್ ಬ್ಯಾಟರಿ ಸತ್ತರೆ ಯಾರನ್ನು ಕೇಳಬೇಕೆಂಬುದೂ ಗೊತ್ತಿಲ್ಲ. ಇಂಥ ಸ್ಥಿತಿಯಲ್ಲೇ 2022ರ ಅಕ್ಟೋಬರ್‌ನಲ್ಲಿ ಪೋಷಕರಿಂದ ತಿಂಗಳಿಗೆ 100 ರೂಪಾಯಿ ದೇಣಿಗೆ ಪಡೆಯಲು ಎಸ್‌ಡಿಎಂಸಿಗಳಿಗೆ ಅವಕಾಶ ಕೊಟ್ಟು ಶಿಕ್ಷಣ ಇಲಾಖೆ ಸುತ್ತೋಲೆ ಹೊರಡಿಸಿತು. ರಾಜ್ಯದಾದ್ಯಂತ ಗದ್ದಲವೆದ್ದು ಕೆಲವೇ ದಿನಗಳಲ್ಲಿ ಅದನ್ನು ಹಿಂದಕ್ಕೆ ಪಡೆಯಬೇಕಾಯಿತು. ಉಚಿತ ಶಿಕ್ಷಣಕ್ಕೆ ದೇಣಿಗೆ ಯಾಕೆ ಎಂಬ ಸಿಟ್ಟು ಅದರಲ್ಲಿತ್ತು, ಸರಿಯಾದ ಸಿಟ್ಟೇ. ಅದರ ಅಡಿಯಲ್ಲಿ, ಈಗ ಬರುವ ಹಣದ ಲೆಕ್ಕವನ್ನೇ ಹೇಳದವರು ಇನ್ನಷ್ಟು ಕೇಳುತ್ತಿದ್ದಾರೆ ಎಂಬ ಗುಮಾನಿಯೂ ಇತ್ತು.

ಖಾಸಗಿ ಶಾಲೆಗಳ ಕಡೆಯಿಂದ ಬರುವ ಆಕ್ಷೇಪಗಳಲ್ಲಿ ಮೊದಲನೆಯದು, ಇಷ್ಟವಿಲ್ಲದಿದ್ದರೆ ಬೇರೆ ಶಾಲೆಗೆ ಸೇರಿಸಿ ಎನ್ನುವುದು. ನಾಲ್ಕನೇ ಕ್ಲಾಸಿನ ಮಗುವನ್ನು ಶಾಲೆಯಿಂದ ಶಾಲೆಗೆ ಎತ್ತಿ ಕೂರಿಸುವುದು ಅಷ್ಟು ಸುಲಭವಲ್ಲ. ಅಡ್ಮಿಷನ್ ಫೀಸು ಮತ್ತೊಮ್ಮೆ ಕಟ್ಟಬೇಕು, ವರ್ತೂರು ರಸ್ತೆಯ ಟ್ರಾಫಿಕ್ಕಿನಲ್ಲಿ ಬಸ್ಸಿನ ಸಮಯ ನೋಡಬೇಕು, ಮಗುವಿನ ಗೆಳೆಯರು ಇಲ್ಲೇ ಉಳಿಯುತ್ತಾರೆ. ಹೋಗಲಿ ಎಂದರೂ, ಎರಡು ಶಾಲೆಗಳನ್ನು ಹೋಲಿಸಿ ನೋಡಲು ಅಂಕಿ ಬೇಕಲ್ಲ. ಫೀಸಿನಲ್ಲಿ ಶಿಕ್ಷಕರ ಸಂಬಳಕ್ಕೆ ಈ ಶಾಲೆ ಶೇ 55 ಕೊಡುತ್ತದೆ, ಆ ಶಾಲೆ ಶೇ 25 ಕೊಡುತ್ತದೆ ಎಂಬುದು ತಿಳಿದರೆ ಪೈಪೋಟಿ ನಿಜವಾಗಿಯೂ ನಡೆಯುತ್ತದೆ. ಮಾರುಕಟ್ಟೆಯ ಹೆಸರು ಹೇಳುವವರು ಇದಕ್ಕೆ ಬೇಡವೆನ್ನಬಾರದು. ಶಿಕ್ಷಕರ ಸಂಬಳದ ಗೋಪ್ಯತೆ ಎಂಬ ಮಾತಿಗೂ ಉತ್ತರವಿದೆ. ಯಾರ ಹೆಸರೂ ಬೇಡ, ಒಟ್ಟು ಮೊತ್ತ ಮತ್ತು ಶಿಕ್ಷಕರ ಸಂಖ್ಯೆ ಸಾಕು. ಇಂಗ್ಲೆಂಡಿನ ಅಕಾಡೆಮಿ ಶಾಲೆಗಳ ಟ್ರಸ್ಟುಗಳು ಆಡಿಟ್ ಆದ ಲೆಕ್ಕವನ್ನು ಪ್ರತಿವರ್ಷ ಪ್ರಕಟಿಸುತ್ತವೆ, ಟ್ರಸ್ಟಿಗಳಿಗೆ ಸಂಬಂಧಪಟ್ಟವರ ಜೊತೆ ನಡೆದ ವ್ಯವಹಾರವನ್ನು ಬೇರೆಯಾಗಿ ತೋರಿಸಬೇಕು. ಸಿರಿವಂತರ ಈಟನ್ ಶಾಲೆ ಕೂಡ ಅಲ್ಲಿ ನೋಂದಾಯಿತ ದತ್ತಿ ಸಂಸ್ಥೆ, ಅದರ ವಾರ್ಷಿಕ ಲೆಕ್ಕವನ್ನು ಯಾರು ಬೇಕಾದರೂ ಓದಬಹುದು. ಅದರಿಂದ ಈಟನ್ನಿನ ಮಾನ ಹೋಗಲಿಲ್ಲ, ಫೀಸೂ ಇಳಿಯಲಿಲ್ಲವೆನ್ನಿ.

ಫೀಸು ಇಳಿಯದಿದ್ದರೆ ಪ್ರಯೋಜನವೇನು ಎಂಬುದು ಪೋಷಕರ ಕಡೆಯ ಆಕ್ಷೇಪ. ಪ್ರಯೋಜನ ಪ್ರಶ್ನೆಯ ಸ್ವರೂಪ ಬದಲಾಗುವುದರಲ್ಲಿದೆ. ‘ಶೇ 15 ಯಾಕೆ ಏರಿಸಿದಿರಿ’ ಎಂದರೆ ‘ಎಲ್ಲವೂ ದುಬಾರಿಯಾಗಿದೆ’ ಎಂದು ಹೇಳಿ ಸಭೆ ಮುಗಿಸಬಹುದು. ‘ಬಾಡಿಗೆ ಒಂದೇ ವರ್ಷದಲ್ಲಿ ಒಂದು ಕೋಟಿ ಏರಿದೆ, ಶಿಕ್ಷಕರ ಸಂಬಳ ನಿಂತಲ್ಲೇ ನಿಂತಿದೆ, ಈ ಜಾಗದ ಮಾಲೀಕರು ಯಾರು’ ಎಂದರೆ ಹಾಗೆ ಮುಗಿಸಲಾಗದು. ಪೋಷಕರಿಗೆ ಬ್ಯಾಲೆನ್ಸ್ ಶೀಟ್ ಓದಲು ಬರುವುದಿಲ್ಲ ಎಂಬ ಮಾತನ್ನು ಈ ಭಾಗದಲ್ಲಂತೂ ಯಾರೂ ಗಂಭೀರವಾಗಿ ಹೇಳಲಾರರು. ಒಂದೊಂದು ಅಪಾರ್ಟ್‌ಮೆಂಟಿನಲ್ಲೂ ನಿರ್ವಹಣಾ ಶುಲ್ಕದಲ್ಲಿ ಲಿಫ್ಟಿಗೆಷ್ಟು, ಡೀಸೆಲ್ಲಿಗೆಷ್ಟು ಎಂದು ಸರ್ವಸದಸ್ಯರ ಸಭೆಯಲ್ಲಿ ಮಧ್ಯರಾತ್ರಿಯವರೆಗೆ ಜಗಳವಾಡುವವರು ಇವರೇ.

ಎಲ್ಲಕ್ಕಿಂತ ತೂಕದ ಆಕ್ಷೇಪ ಪೀಣ್ಯ, ಲಗ್ಗೆರೆ, ದಾಸರಹಳ್ಳಿಯ ಸಣ್ಣ ಶಾಲೆಗಳದ್ದು. ಅಲ್ಲಿ ವರ್ಷಕ್ಕೆ ಇಪ್ಪತ್ತು ಮೂವತ್ತು ಸಾವಿರ ಫೀಸನ್ನು ಕಂತಿನಲ್ಲಿ ಪಡೆದು, ಬಾಡಿಗೆ ಕಟ್ಟಡದಲ್ಲಿ, ಏದುಸಿರು ಬಿಡುತ್ತಾ ನಡೆಸುವವರಿದ್ದಾರೆ. ಇನ್ನೊಂದು ಕಡ್ಡಾಯ ನಮೂನೆ ಎಂದರೆ ಬಿಇಒ ಕಚೇರಿಯವರಿಗೆ ಕೈಚಾಚಲು ಇನ್ನೊಂದು ನೆಪ ಎಂದು ಅವರು ಹೆದರುತ್ತಾರೆ. ಈ ಭಯ ಹುಸಿಯಲ್ಲ. 2022ರ ಆಗಸ್ಟ್‌ನಲ್ಲಿ ರಾಜ್ಯದ ಖಾಸಗಿ ಶಾಲೆಗಳ ಎರಡು ಸಂಘಟನೆಗಳು, ಮಾನ್ಯತೆ ಪತ್ರದಂಥ ಕೆಲಸಗಳಿಗೆ ಇಲಾಖೆಯಲ್ಲಿ ಲಂಚ ಕೇಳುತ್ತಾರೆಂದು ನೇರವಾಗಿ ಪ್ರಧಾನಿಗೇ ಪತ್ರ ಬರೆದಿದ್ದವು. ಆದರೆ ಅಧಿಕಾರಿಯೊಬ್ಬನ ಕಪಾಟಿಗೆ ಮಾತ್ರ ಹೋಗುವ ಲೆಕ್ಕ ಅವನ ಕೈಗೆ ಆಯುಧವಾಗುತ್ತದೆ, ಊರಿಗೆಲ್ಲ ತೆರೆದಿಟ್ಟ ಲೆಕ್ಕವನ್ನು ಹಿಡಿದು ಹೆದರಿಸುವುದು ಅಷ್ಟು ಸುಲಭವಲ್ಲ. (ಕೊಟ್ಟ ಲಂಚವನ್ನು ಯಾವ ಬಾಬ್ತಿನಲ್ಲಿ ತೋರಿಸಬೇಕೆಂಬ ಸಮಸ್ಯೆ ಉಳಿಯುತ್ತದೆ, ಅದಕ್ಕೆ ನನ್ನಲ್ಲಿ ಪರಿಹಾರವಿಲ್ಲ.) ಸಣ್ಣ ಶಾಲೆಗೆ ಹೊರೆಯಾಗದಂತೆ ಒಂದೇ ಪುಟದ ನಮೂನೆ ಸಾಕು. ಒಟ್ಟು ಸಂಗ್ರಹ, ಶಿಕ್ಷಕರ ಸಂಖ್ಯೆ ಮತ್ತು ಸಂಬಳದ ಮೊತ್ತ, ಬಾಡಿಗೆ ಮತ್ತು ಜಾಗದ ಮಾಲೀಕರು, ಟ್ರಸ್ಟಿಗಳಿಗೆ ಹಾಗೂ ಅವರ ಬಂಧುಗಳ ಸಂಸ್ಥೆಗಳಿಗೆ ಕೊಟ್ಟ ಹಣ, ಸಾಲದ ಬಡ್ಡಿ, ಉಳಿಕೆ. ಆಡಿಟ್ ವರದಿಯಲ್ಲಿ ಈಗಾಗಲೇ ಇರುವುದನ್ನು ಎತ್ತಿ ಬರೆಯಲು ಒಂದು ಮಧ್ಯಾಹ್ನ ಸಾಕಾದೀತು. ಬಾಡಿಗೆ ಮತ್ತು ಸಂಬಳಕ್ಕೇ ಹಣವೆಲ್ಲ ಮುಗಿಯುತ್ತದೆಂದು ತೋರಿಸಬಲ್ಲ ಸಣ್ಣ ಶಾಲೆಗೆ ಈ ಪುಟ ವಕೀಲನ ಕೆಲಸವನ್ನೇ ಮಾಡುತ್ತದೆ.

ಹೊಸ ಕಾಯ್ದೆಯವರೆಗೆ ಕಾಯಬೇಕಾದ್ದೂ ಇಲ್ಲ. ಸರ್ಕಾರದ ಹಣದಿಂದ ಗಣನೀಯವಾಗಿ ನಡೆಯುವ ಶಿಕ್ಷಣ ಸಂಸ್ಥೆಗಳು ಮಾಹಿತಿ ಹಕ್ಕು ಕಾಯ್ದೆಯ ವ್ಯಾಪ್ತಿಗೆ ಬರುತ್ತವೆಂದು 2019ರ ಡಿ.ಎ.ವಿ. ಕಾಲೇಜು ಟ್ರಸ್ಟ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ಅನುದಾನರಹಿತ ಶಾಲೆಯ ವಿಷಯದಲ್ಲೂ ದಾರಿಯಿದೆ, ಬೇರೆ ಕಾನೂನಿನಡಿ ಸರ್ಕಾರಿ ಪ್ರಾಧಿಕಾರ ಪಡೆಯಬಹುದಾದ ಖಾಸಗಿ ಸಂಸ್ಥೆಯ ಮಾಹಿತಿಯೂ ‘ಮಾಹಿತಿ’ಯೇ ಎಂದು ಆ ಕಾಯ್ದೆಯ 2ನೇ ಕಲಂ ಹೇಳುತ್ತದೆ. ಸಿಬಿಎಸ್‌ಇ ಮನಸ್ಸು ಮಾಡಿದರೆ ಪ್ರಕಟಣೆಯ ನಮೂನೆಗೆ ಇನ್ನೊಂದು ಪಟ್ಟಿ ಸೇರಿಸಬಹುದು, ರಾಜ್ಯ ಸರ್ಕಾರ ಮಾನ್ಯತೆ ನವೀಕರಣದ ಷರತ್ತಾಗಿ ಮಾಡಬಹುದು. ಆದರೆ ಹಾಗೆ ಕೇಳುವ ಸರ್ಕಾರ ತನ್ನ ಪುಟವನ್ನೂ ತೆರೆಯಬೇಕು. ಶಿಕ್ಷಣ ಹಕ್ಕು ಕಾಯ್ದೆಯಡಿ ಸೇರಿದ ಮಕ್ಕಳಿಗಾಗಿ ಖಾಸಗಿ ಶಾಲೆಗಳಿಗೆ ತಲಾ ಗರಿಷ್ಠ 16 ಸಾವಿರ ರೂಪಾಯಿ ಮರುಪಾವತಿ ಮಾಡುವ ಹೊಣೆ ಅದರದ್ದು. ಹಣ ತಡವಾಗಿ ಬರುತ್ತದೆಂದು ಸಣ್ಣ ಶಾಲೆಗಳವರು ದೂರುತ್ತಲೇ ಇರುತ್ತಾರೆ. ಯಾವ ಶಾಲೆಗೆ ಎಷ್ಟು ಬಾಕಿ, ಯಾವ ವರ್ಷದ್ದು, ಕೊಟ್ಟ ದಿನಾಂಕ ಯಾವುದು ಎಂಬ ಪಟ್ಟಿ ತಾಲ್ಲೂಕುವಾರು ಪ್ರಕಟವಾಗಲಿ. ಲಗ್ಗೆರೆಯ ಶಾಲೆಯ ಪುಟದಲ್ಲಿ ‘ಸರ್ಕಾರದಿಂದ ಬರಬೇಕಾದದ್ದು’ ಎಂದಿರುವ ಅಂಕಿ, ಇಲಾಖೆಯ ಪುಟದಲ್ಲಿ ‘ಕೊಡಬೇಕಾದದ್ದು’ ಎಂದಿರುವ ಅಂಕಿ ತಾಳೆಯಾಗುತ್ತದೆಯೇ ಎಂದು ಆಗ ಯಾರು ಬೇಕಾದರೂ ನೋಡಬಹುದು.